ಎಫ್‌ವೈಯಲ್ಲಿ ಕೆಟಿ ಬಿದ್ದರೆ ಯಾರನ್ನು ಕೇಳಬೇಕು?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡಿಗರದೊಂದು ಸಭಾಗೃಹ. ಭಾನುವಾರದ ಪೂಜೆ ಮುಗಿದು ಊಟಕ್ಕೆ ಎಲೆ ಹಾಕುತ್ತಿದ್ದ ಹೊತ್ತು. ಠಾಣೆ ನಗರದಲ್ಲಿ ಕ್ಯಾಂಟೀನ್ ನಡೆಸುವ ಪರಿಚಯದವರೊಬ್ಬರು ನನ್ನನ್ನು ಚಪ್ಪಲಿ ಬಿಡುವ ಜಾಗದ ಪಕ್ಕಕ್ಕೆ ಕರೆದು, ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು.

"ಮಾಷ್ಟ್ರೆ, ಇದರಲ್ಲಿ ನನ್ನ ಮಗ ಪಾಸಾ, ಫೇಲಾ? ಅವನನ್ನು ಕೇಳಿದರೆ, ಅಪ್ಪ ನಿಮಗೆ ಗೊತ್ತಾಗುದಿಲ್ಲ ಅಂತ ಹೇಳ್ತಾನೆ."

ಎಫ್‌ವೈ, ಅಂದರೆ ಮೊದಲ ವರ್ಷದ ಬಿಕಾಂ, ಮೊದಲ ಸೆಮಿಸ್ಟರಿನ ಮಾರ್ಕ್‌ಶೀಟ್. ಹತ್ತು ಸಾಲು, ಪ್ರತಿ ಸಾಲಿನ ಮುಂದೆ ಅಂಕ, ಅಕ್ಷರ, ಕ್ರೆಡಿಟ್, ಗ್ರೇಡ್ ಪಾಯಿಂಟ್. ಅಕೌಂಟಿಂಗ್ ಎದುರು ಒಂದು ‘ಎಫ್’, ಅಂದರೆ ಕೆಟಿ: ಆ ವಿಷಯ ಬಾಕಿ. ಕೆಳಗೆ ಎಸ್‌ಜಿಪಿಎ, ಅಂದರೆ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್, ಇರಬೇಕಾದಲ್ಲಿ ಬರೀ ಗೆರೆ. ಹನ್ನೆರಡನೆಯಲ್ಲಿ 78 ಪರ್ಸೆಂಟ್ ತೆಗೆದ ಹುಡುಗ. ಅಪ್ಪನಿಗೆ ಅರ್ಥವಾಗದೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವ ನನಗೇ ಈ ಹೊಸ ಮಾರ್ಕ್‌ಶೀಟ್ ರೂಢಿಯಾಗಲು ಒಂದು ವರ್ಷ ಹಿಡಿಯಿತು. ಊಟದ ಸಾಲಿನಲ್ಲಿ ಅವರ ಪಕ್ಕ ಕೂತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು ಕ್ರೆಡಿಟ್ ಎಂದರೆ ಏನು

ಕೇಂದ್ರ ಸಂಪುಟ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಒಪ್ಪಿದ್ದು 2020ರ ಜುಲೈ 29ರಂದು. ಮಹಾರಾಷ್ಟ್ರದ ಸ್ವಾಯತ್ತ ಕಾಲೇಜುಗಳಿಗೆ ಅದು 2023-24ರಲ್ಲಿ ಬಂತು, ವಿಶ್ವವಿದ್ಯಾಲಯದ ಅಡಿಯಲ್ಲಿರುವ ಉಳಿದ ಕಾಲೇಜುಗಳಿಗೆ 2024-25ರಲ್ಲಿ. ಅಣ್ಣ ಓದಿದ ಬಿಕಾಂ, ತಮ್ಮ ಓದುತ್ತಿರುವ ಬಿಕಾಂ ಎರಡಕ್ಕೂ ಹೆಸರು ಒಂದೇ, ಒಳಗಿನ ಲೆಕ್ಕ ಮಾತ್ರ ಬೇರೆ. ಹಾಗಾಗಿ ಅಣ್ಣನನ್ನು ಕೇಳಿ ಪ್ರಯೋಜನವಿಲ್ಲ.

ಕ್ರೆಡಿಟ್ ಎಂದರೆ ಒಂದು ವಿಷಯದ ತೂಕ. ಸೆಮಿಸ್ಟರಿನಲ್ಲಿ 15 ಗಂಟೆ ಪಾಠ ನಡೆದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ 30 ಗಂಟೆಗೆ ಒಂದು. ನಾಲ್ಕು ಕ್ರೆಡಿಟ್‌ನ ವಿಷಯ ಎಂದರೆ 60 ಗಂಟೆಯ ಪಾಠ.

ಮುಂದಿದ್ದ ಬಾಳೆಲೆಯನ್ನೇ ತೋರಿಸಿದೆ. ಅನ್ನದ ರಾಶಿ ದೊಡ್ಡದು, ಅದಕ್ಕೆ ತೂಕ ಜಾಸ್ತಿ. ತುದಿಯ ಉಪ್ಪಿನಕಾಯಿ ಎಷ್ಟೇ ರುಚಿಯಾಗಿದ್ದರೂ ಹೊಟ್ಟೆ ತುಂಬಿಸುವುದಿಲ್ಲ. ಆದರೆ ಈ ಹೊಸ ಎಲೆಯಲ್ಲಿ ಒಂದು ವಿಚಿತ್ರವಿದೆ. ಮೊದಲ ಸೆಮಿಸ್ಟರಿನ ಒಟ್ಟು 22 ಕ್ರೆಡಿಟ್‌ನಲ್ಲಿ ಮೇಜರ್, ಅಂದರೆ ಮುಖ್ಯ ವಿಷಯ, ಬರೀ ಆರು. ಉಳಿದ 16 ಕ್ರೆಡಿಟ್ ಎರಡೆರಡರಂತೆ ಬಡಿಸಿದ್ದು: ಬೇರೆ ವಿಭಾಗದಿಂದ ಆರಿಸಿಕೊಂಡ ವಿಷಯಗಳು, ಕೈಕೆಲಸದ ಕೌಶಲಗಳು, ಭಾಷೆ, ಪರಿಸರ ಅಥವಾ ಸಂವಿಧಾನದಂಥ ಮೌಲ್ಯದ ವಿಷಯ, ಭಾರತೀಯ ಜ್ಞಾನ ಪರಂಪರೆ, ಆಟ ಅಥವಾ ಎನ್‌ಎಸ್‌ಎಸ್. ಅನ್ನಕ್ಕಿಂತ ಪಲ್ಯ ಚಟ್ನಿಗಳೇ ಎಲೆ ತುಂಬಿವೆ. ಅದಕ್ಕೇ ಹುಡುಗರು "ಇವತ್ತು ಯಾವ ಲೆಕ್ಚರ್" ಎಂದರೆ ತಡಬಡಾಯಿಸುವುದು.

ಇನ್ನು ಎಸ್‌ಜಿಪಿಎ. ಪ್ರತಿ ಅಕ್ಷರಕ್ಕೂ ಒಂದು ಪಾಯಿಂಟ್ ಇದೆ, ‘ಓ’ಗೆ 10ರಿಂದ ‘ಎಫ್’ಗೆ ಸೊನ್ನೆಯ ತನಕ. ಆ ಪಾಯಿಂಟನ್ನು ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸುವುದು. ಮೂರು ವಿಷಯ ಇವೆ ಅಂತಿಟ್ಟುಕೊಳ್ಳಿ. ನಾಲ್ಕು ಕ್ರೆಡಿಟ್‌ನ ಒಂದರಲ್ಲಿ 7, ಇನ್ನೊಂದು ನಾಲ್ಕರದ್ದರಲ್ಲಿ 6, ಎರಡು ಕ್ರೆಡಿಟ್‌ನದರಲ್ಲಿ 9. ಸುಮ್ಮನೆ ಸರಾಸರಿ ತೆಗೆದರೆ 7.33 ಬರುತ್ತದೆ. ಕ್ರೆಡಿಟ್ ಲೆಕ್ಕದಲ್ಲಿ 28, 24, 18 ಸೇರಿ 70, ಅದನ್ನು 10ರಿಂದ ಭಾಗಿಸಿದರೆ 7. "ಕಡಿಮೆ ಕೊಟ್ಟಿದ್ದಾರೆ" ಎಂದು ಮನೆಯಲ್ಲಿ ಗಲಾಟೆಯಾಗುವುದು ಹೆಚ್ಚಾಗಿ ಇಲ್ಲೇ. ಉಪ್ಪಿನಕಾಯಿಯಲ್ಲಿ ಬಂದ 9, ಅನ್ನದಲ್ಲಿ ಬಂದ 6ನ್ನು ಎತ್ತಿ ಹಿಡಿಯಲಾರದು.

ಕೆಟಿ ಅಂದರೆ ಫೇಲ್ ಅಲ್ಲ, ಪೂರ್ತಿ ಪಾಸೂ ಅಲ್ಲ

ಮುಂಬೈಯಲ್ಲಿ ಎಲ್ಲರ ಬಾಯಲ್ಲಿರುವ ‘ಕೆಟಿ’ ಎಂಬುದು ‘ಎಟಿಕೆಟಿ’ಯ ಬಾಲ. ‘ಅಲೌಡ್ ಟು ಕೀಪ್ ಟರ್ಮ್ಸ್’: ಬಾಕಿ ಇಟ್ಟುಕೊಂಡೇ ಮುಂದಿನ ಟರ್ಮಿಗೆ ಹೋಗಲು ಅನುಮತಿ. ಅಂಗಡಿಯ ಉದ್ರಿ ಪುಸ್ತಕದ ಹಾಗೆ. ಸಾಮಾನು ಕೊಡುವುದನ್ನು ನಿಲ್ಲಿಸುವುದಿಲ್ಲ, ಬಾಕಿ ಮಾತ್ರ ಬರೆದಿರುತ್ತದೆ. ಮೊದಲ ಸೆಮಿಸ್ಟರಿನಿಂದ ಎರಡನೆಯದಕ್ಕೆ ಹೋಗುವಾಗ ಯಾರೂ ತಡೆಯುವುದಿಲ್ಲ. ಎಫ್‌ವೈಯಿಂದ ಎಸ್‌ವೈಗೆ, ಅಂದರೆ ಎರಡನೆಯ ವರ್ಷಕ್ಕೆ, ಹೋಗುವಾಗ ಬಾಕಿ ಎಷ್ಟಿರಬಹುದು ಎಂಬುದಕ್ಕೆ ಮಿತಿ ಇದೆ. ಕೆಟಿ ಪರೀಕ್ಷೆಗೆ ಬೇರೆ ಫಾರ್ಮ್, ಬೇರೆ ಫೀಸು, ಬೇರೆ ಕೊನೆಯ ದಿನಾಂಕ. ವಿಷಯ ಕಷ್ಟವಾಗಿ ಕೆಟಿ ಉಳಿಸಿಕೊಂಡವರಷ್ಟೇ ಈ ಫಾರ್ಮಿನ ದಿನ ತಪ್ಪಿಸಿಕೊಂಡು ಉಳಿಸಿಕೊಂಡವರನ್ನೂ ನಾನು ನೋಡಿದ್ದೇನೆ.

78 ತೆಗೆದವನು ಇಲ್ಲಿ ಯಾಕೆ ಎಡವಿದ?

ಆ ಅಪ್ಪನ ನಿಜವಾದ ಪ್ರಶ್ನೆ ಇದು. "ಹುಡುಗ ಹಾಳಾದನಾ?" ಎಂಬ ಭಯ ಅದರ ಒಳಗಿತ್ತು.

ಹನ್ನೆರಡನೆಯ ತನಕ ಅವನು ಓದಿದ್ದು ಕಾಲೇಜಿನಲ್ಲಲ್ಲ, ಕ್ಲಾಸಿನಲ್ಲಿ. ಮುಂಬೈಯಲ್ಲಿ ‘ಕ್ಲಾಸು’ ಎಂದರೆ ಕೋಚಿಂಗ್. ಅಲ್ಲಿ ಪ್ರಶ್ನೆ, ಉತ್ತರ, ಯಾವುದು ಬರುತ್ತದೆ ಎಂಬುದು ಎಲ್ಲ ಸಿದ್ಧ. ಡಿಗ್ರಿಗೆ ಬಂದರೆ ಒಂದು ಡಿವಿಜನ್‌ನಲ್ಲಿ 120 ಮಕ್ಕಳು, 48 ನಿಮಿಷದ ಲೆಕ್ಚರು, ಹಾಜರಿ ಕರೆಯುವುದಕ್ಕೇ ಅದರಲ್ಲಿ ಒಂದಷ್ಟು ಹೋಗುತ್ತದೆ. ಮನೆಯಲ್ಲಿ ತುಳು, ಲೋಕಲ್ ರೈಲಿನಲ್ಲಿ ಹಿಂದಿ, ಗೆಳೆಯರ ಹತ್ತಿರ ಮರಾಠಿ, ಪುಸ್ತಕದಲ್ಲಿ ಮಾತ್ರ ಇಂಗ್ಲಿಷ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೂ ಪಠ್ಯದ ಇಂಗ್ಲಿಷ್ ಬೇರೆಯೇ ಭಾಷೆ.

ಈಗ ಪಾಠದ ವಿಷಯಕ್ಕೆ ಬರೋಣ. ಊರಿಂದ ಹೊಸದಾಗಿ ಬಂದ ಮಾಣಿಗೆ ಹೋಟೆಲಿನ ಭಟ್ಟರು ದೋಸೆ ಹುಯ್ಯುವುದರ ಮೇಲೆ 48 ನಿಮಿಷ ಭಾಷಣ ಮಾಡುವುದಿಲ್ಲ. ಎರಡು ಹುಯ್ದು ತೋರಿಸಿ ಸೌಟು ಕೈಗೆ ಕೊಡುತ್ತಾರೆ. ಮೊದಲನೆಯದು ಹರಿಯುತ್ತದೆ, ಎರಡನೆಯದು ಸೀಯುತ್ತದೆ. "ಕಾವಲಿ ಕಾದದ್ದು ಜಾಸ್ತಿ, ನೀರು ಚಿಮುಕಿಸು" ಎಂಬ ಮಾತು ಆಗ ಅವನ ತಲೆಗೆ ಹೋಗುತ್ತದೆ, ಯಾಕೆಂದರೆ ಸೀದ ದೋಸೆ ಕಣ್ಣ ಮುಂದೆಯೇ ಇದೆ. ಮಾಡು, ತಪ್ಪು, ಆಗಲೇ ತಿದ್ದಿಸಿಕೋ. ಕಲಿಸುವ ಕ್ರಮ ಸುಧಾರಿಸಬೇಕು ಎಂದು ಶಿಕ್ಷಣ ತಜ್ಞರು ಹೇಳುವುದರ ಹೂರಣ ಇಷ್ಟೇ. ಅವರು ಅದನ್ನು ಸಕ್ರಿಯ ಕಲಿಕೆ ಎನ್ನುತ್ತಾರೆ.

ಇದರಿಂದ ವ್ಯತ್ಯಾಸ ಆಗುತ್ತದೆಯೇ ಎಂದು ಅಳೆದು ನೋಡಿದ್ದಾರೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಕಾಲೇಜು ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಅಮೆರಿಕದ ಸಂಶೋಧಕರು 2014ರಲ್ಲಿ ಒಟ್ಟುಗೂಡಿಸಿದರು. ಬರೀ ಲೆಕ್ಚರ್ ಕೇಳಿದ ತರಗತಿಗಳಲ್ಲಿ ಫೇಲಾದವರು ನೂರಕ್ಕೆ ಸುಮಾರು 34. ತಾವೇ ಏನಾದರೂ ಮಾಡುತ್ತಾ ಕಲಿತ ತರಗತಿಗಳಲ್ಲಿ ಸುಮಾರು 22. ಬಿಕಾಂನ ಲೆಕ್ಕ ಅದರಲ್ಲಿ ಇಲ್ಲ ನಿಜ. ಆದರೆ ಅಕೌಂಟಿಂಗ್ ಕೂಡ ಕೇಳಿ ಬರುವ ವಿದ್ಯೆಯಲ್ಲ, ಜರ್ನಲ್ ಎಂಟ್ರಿ ಬರೆದು ಬರೆದೇ ಬರುವುದು.

120 ಮಕ್ಕಳಿರುವ ಕೋಣೆಯಲ್ಲಿ ಎಲ್ಲರ ಕೈಗೂ ಸೌಟು ಕೊಡುವುದು ಹೇಗೆ? ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಎರಿಕ್ ಮಜೂರ್ 1991ರಲ್ಲಿ ಒಂದು ಸುಲಭ ದಾರಿ ಹಿಡಿದರು. ಪಾಠದ ನಡುವೆ ನಿಲ್ಲಿಸಿ ಒಂದು ಪ್ರಶ್ನೆ. ಪ್ರತಿಯೊಬ್ಬರೂ ತಮ್ಮ ಉತ್ತರ ತಾವೇ ಆರಿಸಬೇಕು. ಆಮೇಲೆ ಪಕ್ಕದವನಿಗೆ ಯಾಕೆ ಅದೇ ಸರಿ ಎಂದು ಒಪ್ಪಿಸಬೇಕು, ಮತ್ತೆ ಉತ್ತರ ಹೇಳಬೇಕು. ಐದು ನಿಮಿಷದ ಕೆಲಸ. ನಾನೂ ಇದನ್ನು ಮಾಡುತ್ತೇನೆ. ಗದ್ದಲ ಆಗುತ್ತದೆ, ಪಕ್ಕದ ಕ್ಲಾಸಿನವರು ಬಂದು ಇಣುಕುತ್ತಾರೆ. ಆದರೆ ಹಿಂದಿನ ಬೆಂಚಿನ ಹುಡುಗ ಆ ಐದು ನಿಮಿಷ ಮೊಬೈಲ್ ಕೆಳಗಿಡುತ್ತಾನೆ.

ಅಧ್ಯಾಪಕರು ಬದಲಾಗುವ ತನಕ ಕಾಯಬೇಕಾಗಿಲ್ಲದ ಒಂದು ಸಂಗತಿಯೂ ಇದೆ. ನಮ್ಮ ಮಕ್ಕಳು ಓದುವುದು ಎಂದರೆ ಓದಿದ್ದನ್ನೇ ಮತ್ತೆ ಓದುವುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಪಾಠವನ್ನು ಎರಡು ಸಲ ಓದಿಸಿದರು. ಇನ್ನೊಂದು ಗುಂಪು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು: ಅವರಿಗೆ 81 ಪರ್ಸೆಂಟ್, ಮುಚ್ಚಿ ಬರೆದವರಿಗೆ 75. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗಿತು: ಓದಿದವರಿಗೆ 42, ಮುಚ್ಚಿ ಬರೆದವರಿಗೆ 56. ರಾತ್ರಿ ಓದಿ ಬೆಳಗ್ಗೆ ಬರೆಯುವವನಿಗೆ ತನ್ನ ದಾರಿ ಸರಿ ಅನ್ನಿಸುವುದು, ಸೆಮಿಸ್ಟರ್ ಕೊನೆಗೆ ಕೈಕೊಡುವುದು ಎರಡೂ ಇದರಿಂದಲೇ. ಡೊಂಬಿವಲಿಯಿಂದ ದಾದರಿಗೆ ಸುಮಾರು ಒಂದು ಗಂಟೆಯ ಲೋಕಲ್. ಕಣ್ಣು ಮುಚ್ಚಿ ನಿನ್ನೆಯ ಪಾಠ ನೆನಪಿಸಿಕೊಳ್ಳಲು ಕೂರುವ ಜಾಗವೂ ಬೇಡ, ನೇತಾಡಿಕೊಂಡೇ ಆಗುತ್ತದೆ.

ಇಂಟರ್ನಲ್ ಮಾರ್ಕು ಇರುವುದು ಯಾತಕ್ಕೆ

ಹಿಂದೆ ಡಿಗ್ರಿ ಎಂದರೆ ಕೊನೆಯ ಪರೀಕ್ಷೆ. ಈಗ ಮುಂಬೈ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನೂರರಲ್ಲಿ 60 ಅಂಕ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ, 40 ಅಂಕ ನಡುವಿನ ಕಿರುಪರೀಕ್ಷೆ, ಅಸೈನ್‌ಮೆಂಟ್, ಪ್ರೆಸೆಂಟೇಷನ್‌ಗಳಿಗೆ.

ಸಾಂಬಾರು ಒಲೆಯ ಮೇಲಿರುವಾಗ ಒಂದು ಹನಿ ಅಂಗೈಗೆ ಹಾಕಿ ನೋಡಿದರೆ ಉಪ್ಪು ಸರಿಮಾಡಬಹುದು. ಗಿರಾಕಿಯ ಟೇಬಲ್ಲಿಗೆ ಹೋದ ಮೇಲೆ ಬೈಗುಳ ಮಾತ್ರ. ಇಂಟರ್ನಲ್ ಇರುವುದು ಅಂಗೈಗೆ ಹಾಕಿ ನೋಡುವುದಕ್ಕೆ. ಐದನೆಯ, ಆರನೆಯ ವಾರದಲ್ಲಿ ಕಿರುಪರೀಕ್ಷೆ ನಡೆದು, ತಿದ್ದಿದ ಪೇಪರ್ ವಾರದೊಳಗೆ ಮಗುವಿನ ಕೈಗೆ ಬಂದರೆ ಸರಿಮಾಡಿಕೊಳ್ಳಲು ಇನ್ನೂ ಎರಡು ತಿಂಗಳಿರುತ್ತದೆ.

ಎಲ್ಲ ಕಡೆ ಹೀಗೆ ನಡೆಯುತ್ತದೆಯೇ? ಇಲ್ಲ. ಕೊನೆಯ ವಾರದಲ್ಲಿ ಎಲ್ಲರಿಂದ ಅಸೈನ್‌ಮೆಂಟ್ ರಾಶಿ ಹಾಕಿಸಿಕೊಂಡು, ನೂರಿಪ್ಪತ್ತಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟು ಮುಗಿಸಿದ್ದನ್ನೂ ಕಂಡಿದ್ದೇನೆ. ಅದು ರುಚಿ ನೋಡಿದ್ದಲ್ಲ, ದಾನ. ಮಗನಿಗೆ ಇಂಟರ್ನಲ್‌ನಲ್ಲಿ 40ಕ್ಕೆ 34, ಕೊನೆಯ ಪರೀಕ್ಷೆಯಲ್ಲಿ 60ಕ್ಕೆ 14 ಬಂದಿದ್ದರೆ ಎರಡು ಅಂಕಿಗಳ ನಡುವಿನ ಆ ಕಂದರವೇ ಸುದ್ದಿ. ತಿದ್ದಿದ ಪೇಪರ್ ನೋಡಲು ಕೊಟ್ಟಿದ್ದರಾ ಎಂದು ಅವನನ್ನು ಕೇಳಿ.

ಇದರ ಜೊತೆಗೆ ಹಾಜರಿ 75 ಪರ್ಸೆಂಟ್ ಬೇಕು. ಹಾಜರಿ ಕಡಿಮೆ ಇದ್ದವರ ಹೆಸರನ್ನು ಡಿಫಾಲ್ಟರ್ ಲಿಸ್ಟ್ ಎಂದು ನೋಟಿಸ್ ಬೋರ್ಡಿಗೆ ಹಚ್ಚುತ್ತಾರಲ್ಲ, ಅದು ಬೈಯಲಿಕ್ಕೆ ಹಚ್ಚಿದ್ದು ಎಂದೇ ಮಕ್ಕಳು ತಿಳಿದಿದ್ದಾರೆ. ಎಡವುತ್ತಿರುವವನು ಯಾರು ಎಂದು ಕಾಲೇಜಿಗೆ ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಆ ಪಟ್ಟಿಯಿಂದ.

ಕೈ ಹಿಡಿಯಬೇಕಾದವರು ಯಾರು

ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ‘ನ್ಯಾಕ್’ 1994ರಲ್ಲಿ ಹುಟ್ಟಿದ್ದು, ಕಚೇರಿ ನಮ್ಮ ಬೆಂಗಳೂರಿನಲ್ಲೇ. ಗ್ರೇಡ್ ಕೊಡಲು ಅದು ಇಟ್ಟುಕೊಂಡಿದ್ದ ಏಳು ಅಳತೆಗಳಲ್ಲಿ ಎರಡನೆಯದು ಬೋಧನೆ, ಕಲಿಕೆ, ಮೌಲ್ಯಮಾಪನ. ಐದನೆಯದು ವಿದ್ಯಾರ್ಥಿ ಬೆಂಬಲ. ಒಬ್ಬ ಮೆಂಟರ್‌ಗೆ ಎಷ್ಟು ಮಕ್ಕಳು, ಹಿಂದುಳಿದವರಿಗೆ ಏನು ಮಾಡಿದಿರಿ, ಸ್ಕಾಲರ್‌ಶಿಪ್ ಎಷ್ಟು ಜನಕ್ಕೆ ಸಿಕ್ಕಿತು ಎಂದೆಲ್ಲ ಕಾಲೇಜು ಬರೆದು ಕೊಡಬೇಕು. ಆ ಸ್ವಯಂ ಅಧ್ಯಯನ ವರದಿ ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ. ತೆರೆದು ಓದುವ ಪಾಲಕರನ್ನು ನಾನು ಈತನಕ ಕಂಡಿಲ್ಲ. ಅಲ್ಲಿ "ರೆಮಿಡಿಯಲ್ ಕ್ಲಾಸ್ ನಡೆಸುತ್ತೇವೆ" ಎಂದಿದ್ದರೆ, ಅದು ಯಾವ ದಿನ, ಯಾವ ಕೋಣೆಯಲ್ಲಿ ಎಂದು ಧೈರ್ಯವಾಗಿ ಕೇಳಬಹುದು.

ಮೆಂಟರ್ ಎಂದರೆ ಟ್ಯೂಷನ್ ಮೇಷ್ಟ್ರಲ್ಲ. ಒಂದಷ್ಟು ಮಕ್ಕಳ ಹಾಜರಿ, ಅಂಕ, ಮನೆಯ ಪರಿಸ್ಥಿತಿ ತಿಳಿದಿಟ್ಟುಕೊಂಡು, ಯಾರನ್ನು ಯಾರ ಹತ್ತಿರ ಕಳಿಸಬೇಕೆಂದು ಹೇಳಬೇಕಾದ ಅಧ್ಯಾಪಕ. ಮುಂಬೈಯ ಹಳೆಯ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಯಾರಿಗೆ ಕೆಲಸ ಬೇಕು, ಯಾರಿಗೆ ಖೋಲಿ ಬೇಕು ಎಂದು ಎಲ್ಲ ತಿಳಿದಿದ್ದ ಊರಿನ ಹಿರಿಯರೊಬ್ಬರು ಇರುತ್ತಿದ್ದರಲ್ಲ, ಹಾಗೆ.

ಮನಸ್ಸಿನ ತೊಂದರೆಗೆ ಬೇರೆ ವ್ಯವಸ್ಥೆ ಇರಬೇಕು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ಹೇಳಿದೆ. ಕಾಲೇಜಿನಲ್ಲಿ ಹೇಳಿಕೊಳ್ಳಲು ಹುಡುಗ ನಾಚಿದರೆ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಅದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಪ್ರಶ್ನೆ ಜಗಳದ ಮಟ್ಟಕ್ಕೆ ಹೋದರೆ, ಫಲಿತಾಂಶ ತಡೆದರೆ, ಮೂಲ ಸರ್ಟಿಫಿಕೇಟ್ ವಾಪಸ್ ಕೊಡದಿದ್ದರೆ, ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಯುಜಿಸಿಯ 2023ರ ನಿಯಮದಂತೆ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಲೇಬೇಕು. ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ದೂರು ವಿಚಾರಿಸಲೆಂದೇ ಇರುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ.

ಫೀಸು, ಜಾತಿ ಸರ್ಟಿಫಿಕೇಟು, ಅಜ್ಜನ ಪೆಟ್ಟಿಗೆ

ಇದು ಹೊರನಾಡಿನ ನಮಗೇ ಇರುವ ತೊಡಕು. ಮಹಾರಾಷ್ಟ್ರದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವುದು ಮಹಾಡಿಬಿಟಿ ಪೋರ್ಟಲಿನಲ್ಲಿ. ಅಲ್ಲಿ ಉಡುಪಿ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರ ನಡೆಯುವುದಿಲ್ಲ. ಇದರ ಮೂಲ ತೀರ್ಪು ಬಂದದ್ದು ಮುಂಬೈಯ ಪ್ರಕರಣದಲ್ಲೇ. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಕುಟುಂಬ ಇಲ್ಲಿಗೆ ಬಂದಿತ್ತು, ಮಗ ಪರೇಲಿನ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಮೀಸಲು ಸೀಟು ಕೇಳಿದ. ಒಂದು ರಾಜ್ಯದ ಪಟ್ಟಿಯಲ್ಲಿರುವುದು ವಲಸೆ ಹೋದ ರಾಜ್ಯದಲ್ಲಿ ಮೀಸಲಾತಿ ಕೊಡಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ತೀರ್ಮಾನಿಸಿತು.

ಹಾಗಾದರೆ ದಾರಿಯೇ ಇಲ್ಲವೇ? ಜಾತಿ ಇಲ್ಲಿನ ಪಟ್ಟಿಯಲ್ಲೂ ಇದ್ದು, ಕುಟುಂಬ ನಿಗದಿಯಾದ ದಿನಕ್ಕೆ ಮೊದಲೇ ಇಲ್ಲಿ ನೆಲೆಸಿದ್ದಕ್ಕೆ ದಾಖಲೆ ಇದ್ದರೆ ಇಲ್ಲಿಯ ಪ್ರಮಾಣಪತ್ರ ಪಡೆಯಲು ಅವಕಾಶವಿದೆ. ಪರಿಶಿಷ್ಟ ಜಾತಿಗೆ ಆ ದಿನ 10 ಆಗಸ್ಟ್ 1950, ಒಬಿಸಿಗೆ 13 ಅಕ್ಟೋಬರ್ 1967. ಅಜ್ಜ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದ್ದರೆ ಆ ಶಾಲೆ ಬಿಟ್ಟ ಸರ್ಟಿಫಿಕೇಟಿಗೆ ಈಗ ಚಿನ್ನದ ಬೆಲೆ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಹುಡುಕಿಸಿ.

ಜಾತಿಯ ಲೆಕ್ಕ ಬಾರದವರಿಗೆ ಭಾಷೆಯ ಬಾಗಿಲು ಇದೆ. ಅಲ್ಪಸಂಖ್ಯಾತರು ಯಾರು ಎಂಬುದನ್ನು ದೇಶದ ಲೆಕ್ಕದಲ್ಲಲ್ಲ, ರಾಜ್ಯದ ಲೆಕ್ಕದಲ್ಲಿ ನೋಡಬೇಕು ಎಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿತು. ಆ ಪ್ರಕರಣಕ್ಕೆ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರೇ ಇದೆ. ಹಾಗಾಗಿ ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಕನ್ನಡಿಗರ ಸಂಸ್ಥೆಗಳು ಆ ಮಾನ್ಯತೆಯಲ್ಲಿ ನಡೆಸುವ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಪ್ರತ್ಯೇಕ ಕೋಟಾ ಇರುತ್ತದೆ. ಇನ್ನು ಹೆಣ್ಣುಮಕ್ಕಳಿಗೆ: ಆರ್ಥಿಕವಾಗಿ ಹಿಂದುಳಿದವರು, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ ವರ್ಗ), ಒಬಿಸಿ ವರ್ಗದವರು, ಮನೆಯ ವರಮಾನ 8 ಲಕ್ಷದೊಳಗೆ, ವೃತ್ತಿಪರ ಕೋರ್ಸಿಗೆ ಸರ್ಕಾರದ ಕೇಂದ್ರೀಕೃತ ಪ್ರವೇಶದ ಮೂಲಕ ಸೇರಿದವರಾದರೆ 2024-25ರಿಂದ ಬೋಧನಾ ಶುಲ್ಕ ಪೂರ್ತಿ ಮಾಫಿ. ಸಾದಾ ಬಿಕಾಂಗೆ ಇದು ಬರುವುದಿಲ್ಲ.

ನಡುವೆ ಬಿಟ್ಟರೆ ಓದಿದ್ದು ನೀರುಪಾಲೇ?

ಈ ಅಪ್ಪ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ಡಿಗ್ರಿ ಎರಡನೆಯ ವರ್ಷಕ್ಕೆ ನಿಂತಿತು. ಓದಿದ ಒಂದು ವರ್ಷಕ್ಕೆ ಅವರ ಕೈಯಲ್ಲಿ ಏನೂ ಇಲ್ಲ. ಹೊಸ ಪದ್ಧತಿಯಲ್ಲಿ ಬದಲಾದದ್ದು ಇದು. ಪಾಸಾದ ವಿಷಯದ ಕ್ರೆಡಿಟ್‌ಗಳು 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ, ವಿದ್ಯಾರ್ಥಿಯ 12 ಅಂಕಿಯ ಖಾತೆಗೆ ಜಮಾ ಆಗುತ್ತವೆ. ಡಿಜಿಲಾಕರ್‌ನಲ್ಲಿ ನೋಡಬಹುದು. ಏಳು ವರ್ಷ ಅವುಗಳಿಗೆ ಬೆಲೆ ಇರುತ್ತದೆ.

ಒಂದು ವರ್ಷ ಮುಗಿಸಿ, 40ರಿಂದ 44 ಕ್ರೆಡಿಟ್ ಗಳಿಸಿ, ಮೇಲೆ ನಾಲ್ಕು ಕ್ರೆಡಿಟ್‌ನ ವೃತ್ತಿ ತರಬೇತಿ ಮಾಡಿದರೆ ಸರ್ಟಿಫಿಕೇಟ್. ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಬಿಟ್ಟವರು ಮೂರು ವರ್ಷದೊಳಗೆ ವಾಪಸು ಬಂದು, ಒಟ್ಟು ಏಳು ವರ್ಷದಲ್ಲಿ ಮುಗಿಸಬಹುದು. ಕೆಟಿ ಉಳಿಸಿಕೊಂಡು ಹೊರಟರೆ ಮಾತ್ರ ಆ ವಿಷಯದ ಕ್ರೆಡಿಟ್ ಖಾತೆಗೆ ಬಂದಿರುವುದಿಲ್ಲ.

ಇಷ್ಟು ಹೇಳುವಾಗ ಪಾಯಸ ಬಂತು. ಮಗ ಬಡಿಸುವವರ ಜೊತೆ ಬಕೆಟ್ ಹಿಡಿದು ನಮ್ಮ ಸಾಲಿಗೇ ಬಂದ.

"ನಿನ್ನ ಮೆಂಟರ್ ಯಾರೋ?" ಎಂದು ಅಪ್ಪ ಕೇಳಿದರು.

ಅವನು ನನ್ನ ಮುಖ ನೋಡಿದ. "ಗ್ರೂಪ್ ಉಂಟು ಅಪ್ಪ. ಮ್ಯೂಟ್ ಮಾಡಿದ್ದೆ."

ಬಕೆಟ್ ಕೆಳಗಿಟ್ಟು ಮೊಬೈಲ್ ತೆಗೆದ. ಬೆರಳಿನಲ್ಲಿ ಮೇಲಕ್ಕೆ ಜಾರಿಸುತ್ತಾ ಹೋದ. ಓದದೆ ಬಿಟ್ಟ ಮೆಸೇಜುಗಳೇ ಇನ್ನೂರರ ಮೇಲೆ. ಒಂದು ಕಡೆ ನಿಂತ.

"ಕೆಟಿ ಫಾರ್ಮ್ ಗುರುವಾರ ಲಾಸ್ಟ್" ಎಂದ.